ಕಾನೂನು ಕೈಗೆತ್ತಿಕೊಂಡವರು ಯಾರು?

ನಮ್ಮ ಕಡೆ ಕೋರ್ಟಿನ ಮಾತು ಬಂದರೆ ಹಿರಿಯರು ಹೇಳುವುದು ಇದನ್ನೇ: ‘ಗೆದ್ದವ ಸೋತ, ಸೋತವ ಸತ್ತ.’ ಹತ್ತು ಹದಿನೈದು ವರ್ಷ ವಾಯಿದೆಗೆ ಅಲೆದು, ಹೊಲದ ಒಂದು ಪಾಲು ಮಾರಿ ವಕೀಲರ ಫೀಸು ಕಟ್ಟಿ, ಕೊನೆಗೆ ತೀರ್ಪಿನ ನಕಲು ಕೈಗೆ ಬರುವ ಹೊತ್ತಿಗೆ ದಾವೆ ಹೂಡಿದ ತಂದೆಯೇ ತೀರಿಹೋಗಿರುವ ಮನೆಗಳು ದಾವಣಗೆರೆ, ಚಿತ್ರದುರ್ಗದ ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತವೆ. ಹೀಗಿರುವಾಗ ಕಳ್ಳನೊಬ್ಬ ಸಿಕ್ಕಿಬಿದ್ದರೆ, ಹೆಣ್ಣುಮಗಳಿಗೆ ಕಾಟ ಕೊಟ್ಟವನು ಯಾರೆಂದು ಗೊತ್ತಾದರೆ, ‘ಸ್ಟೇಷನ್ನಿಗೆ ಹೋದ್ರೆ ಏನ್ ಬರ್ತತಿ, ಇಲ್ಲೇ ನಾಲ್ಕು ಬಿಗೀರಿ’ ಎಂಬ ಮಾತು ಕೇಳಿಬರುತ್ತದೆ. ಅದನ್ನು ಬರೀ ಕ್ರೌರ್ಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಆ ಮಾತಿನ ಹಿಂದೆ ಜನರ ಅನುಭವ ಇದೆ.

ಆದರೆ ಆ ಮಾತಿನೊಳಗೆ ಒಂದು ವಾದವೂ ಇದೆ. ಕಾನೂನು ನ್ಯಾಯ ಕೊಡಲಿಲ್ಲ, ಆದ್ದರಿಂದ ಜನ ತಾವೇ ನ್ಯಾಯ ಮಾಡಿಕೊಂಡರು ಎಂಬ ವಾದ. 2024 ಮತ್ತು 2025ರಲ್ಲಿ ಈ ಎರಡು ಜಿಲ್ಲೆಗಳಿಂದ ರಾಜ್ಯದ ಸುದ್ದಿಯಾದ ಘಟನೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ವಾದದ ಬುಡವೇ ಅಲ್ಲಾಡುತ್ತದೆ. ಕೈ ಎತ್ತಿದವರಲ್ಲಿ ಬಹುಪಾಲು ಜನ ಕಾನೂನಿನ ಬಾಗಿಲನ್ನು ತಟ್ಟಿದವರೇ ಅಲ್ಲ. ಕಾನೂನಿನಿಂದ ನಿಜವಾಗಿ ಮೋಸಹೋದವರಿಗೋ ಕೈ ಎತ್ತುವ ಶಕ್ತಿಯೇ ಇರಲಿಲ್ಲ.

ಚಿತ್ರದುರ್ಗದ ಪ್ರಕರಣದಿಂದಲೇ ಶುರುಮಾಡೋಣ. 2024ರ ಜೂನ್ 8ರಂದು ಇಲ್ಲಿನ ಔಷಧ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಯುವಕನನ್ನು ಕಾರಿನಲ್ಲಿ ಬೆಂಗಳೂರಿಗೆ ಕರೆದೊಯ್ದು, ಪಟ್ಟಣಗೆರೆಯ ಶೆಡ್ಡೊಂದರಲ್ಲಿ ಹೊಡೆದು ಕೊಂದರು ಎಂಬುದು ಪೊಲೀಸರ ದೋಷಾರೋಪ. ಅವನು ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ್ದೇ ಇದಕ್ಕೆ ಕಾರಣವೆಂದು ಹೇಳಲಾಗಿದೆ. ನಟ ದರ್ಶನ್ ಸೇರಿ 17 ಮಂದಿ ಆರೋಪಿಗಳು. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದುಮಾಡಿತು. ಯಾರ ತಪ್ಪು ಎಷ್ಟು ಎಂಬುದನ್ನು ವಿಚಾರಣಾ ನ್ಯಾಯಾಲಯ ಹೇಳಬೇಕು, ನಾನಲ್ಲ.

ನನ್ನನ್ನು ಕಾಡುವುದು ಆಗ ಜಾಲತಾಣಗಳಲ್ಲಿ ತುಂಬಿ ಹರಿದ ಮಾತು. ‘ಹೆಣ್ಣುಮಕ್ಕಳಿಗೆ ಹಂಗೆಲ್ಲ ಕಳಿಸಿದ್ರೆ ಇನ್ನೇನು ಮಾಡ್ತಾರೆ’ ಎಂದವರು ಒಬ್ಬಿಬ್ಬರಲ್ಲ. ಅಂಥ ಸಂದೇಶ ಕಳಿಸುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅದಕ್ಕೆಂದೇ ಇದೆ. ಹೆಣ್ಣನ್ನು ಬೆನ್ನುಬಿಡದೆ ಕಾಡುವುದಕ್ಕೆ ಆಗ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯಲ್ಲಿ 354ಡಿ, ಮಾನಕ್ಕೆ ಕುಂದು ತರುವ ಮಾತು ಮತ್ತು ಸನ್ನೆಗೆ 509 ಇದ್ದವು. ಹಿರಿಯೂರಿನ ಗಾರ್ಮೆಂಟ್ಸ್ ಕೆಲಸದ ಹುಡುಗಿಯೊಬ್ಬಳು ಇಂಥ ದೂರು ಹಿಡಿದು ಠಾಣೆಗೆ ಹೋದರೆ ‘ನಂಬರ್ ಬ್ಲಾಕ್ ಮಾಡ್ಕೊಳ್ಳಮ್ಮ’ ಎಂದು ವಾಪಸು ಕಳಿಸಬಹುದು. ಆದರೆ ಹೆಸರು, ಹಣ, ಪರಿಚಯ ಇದ್ದವರಿಗೆ ಒಂದು ಫೋನು ಸಾಕು. ದೂರು ಕೊಟ್ಟು, ಪೊಲೀಸರು ಕೈಚೆಲ್ಲಿ, ಕೋರ್ಟು ಎಳೆದಾಡಿದ ಮೇಲೆ ನಡೆದ ಘಟನೆ ಇದಲ್ಲ. ಕಾನೂನು ಇಲ್ಲಿ ಸೋತಿತ್ತು ಎನ್ನಬೇಕಾದರೆ ಮೊದಲು ಅದನ್ನು ಕರೆದಿರಬೇಕಿತ್ತು.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಬನ್ನಿ. 2025ರ ಏಪ್ರಿಲ್ ಮೊದಲ ವಾರ ಅಲ್ಲಿ ಕಳ್ಳತನದ ಅನುಮಾನದ ಮೇಲೆ ಅಪ್ರಾಪ್ತ ಹುಡುಗನನ್ನು ಅಡಿಕೆ ಮರಕ್ಕೆ ಕಟ್ಟಿ ಹೊಡೆದರು, ಮೈಮೇಲೆ ಕೆಂಪಿರುವೆ ಬಿಟ್ಟರು. ಅದೇ ತಿಂಗಳು ಅದೇ ತಾಲ್ಲೂಕಿನ ತಾವರೆಕೆರೆಯಲ್ಲಿ ಒಂದು ಕುಟುಂಬದ ಜಗಳ ಮಸೀದಿಯವರೆಗೆ ಹೋಗಿ, ಹೆಣ್ಣುಮಗಳೊಬ್ಬಳನ್ನು ಮಸೀದಿಯ ಹೊರಗೆ ಗುಂಪು ಕೋಲು, ಪೈಪುಗಳಿಂದ ಬಡಿಯಿತು. ಎರಡೂ ಕಡೆ ಪಕ್ಕದಲ್ಲಿ ನಿಂತು ವಿಡಿಯೊ ಮಾಡಿದವರಿದ್ದರು. ವಿಡಿಯೊ ಹರಿದಾಡಿದ ಮೇಲೆ ಬಂಧನಗಳಾದವು.

ಆ ಹುಡುಗನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅವನನ್ನು ಕಟ್ಟಿದ ಸಿಟ್ಟು ಆಕಾಶದಿಂದ ಬಿದ್ದದ್ದಲ್ಲ. ಈ ಭಾಗದ ರೈತರನ್ನು ಕೇಳಿ ನೋಡಿ. ಒಣಗಲು ಹಾಕಿದ ಅಡಿಕೆ ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಕೊಳವೆಬಾವಿಯ ಕೇಬಲ್ಲನ್ನು ತಾಮ್ರಕ್ಕಾಗಿ ಕತ್ತರಿಸಿಕೊಂಡು ಹೋಗುತ್ತಾರೆ. ಚಳ್ಳಕೆರೆಯ ಕಡೆ ಹಟ್ಟಿಯಿಂದ ಕುರಿ ಹೊತ್ತೊಯ್ಯುತ್ತಾರೆ. ಠಾಣೆಗೆ ಹೋದರೆ ರೈಟರು ಒಂದು ಅರ್ಜಿ ಬರೆಸಿಕೊಳ್ಳುತ್ತಾರೆ. ಎಫ್‌ಐಆರ್ ಆಗುವುದು ಕಡಿಮೆ. ಬಹಳ ಒತ್ತಾಯಿಸಿದರೆ ಒಂದು ಹಿಂಬರಹ, ಅಂದರೆ ಅರ್ಜಿಗೆ ಲಿಖಿತ ಉತ್ತರ, ಕೊಟ್ಟು ಕಳಿಸುತ್ತಾರೆ. ಸಾವಿರಗಟ್ಟಲೆ ರೂಪಾಯಿಯ ಕೇಬಲ್ ಕಳೆದುಕೊಂಡವನಿಗೆ ಮತ್ತೆ ಸಾಲ ಮಾಡಿ ಕೇಬಲ್ ತರುವುದೊಂದೇ ದಾರಿ.

ಹಾಗಂತ ಪೊಲೀಸರಿಗೆ ಕೈಲಾಗುವುದಿಲ್ಲವೇ? 2024ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳುವಾಯಿತು. ಕಳ್ಳರು ಖಾರದ ಪುಡಿ ಚೆಲ್ಲಿದ್ದರು, ಸಿಸಿಟಿವಿಯ ಡಿವಿಆರ್ ಕೂಡ ಹೊತ್ತೊಯ್ದಿದ್ದರು. ದಾವಣಗೆರೆ ಪೊಲೀಸರು ತಿಂಗಳುಗಟ್ಟಲೆ ಬೆನ್ನುಹತ್ತಿ, 2025ರ ಮಾರ್ಚ್ ಹೊತ್ತಿಗೆ ತಮಿಳುನಾಡಿನ ಉಸಿಲಂಪಟ್ಟಿಯ ಬಾವಿಯೊಂದರಿಂದ ಆ ಚಿನ್ನವನ್ನು ಎತ್ತಿ ತಂದರು. ಮೆಚ್ಚಬೇಕಾದ ತನಿಖೆ. ಅದರ ಬೆನ್ನಲ್ಲೇ, ಅದೇ ಜಿಲ್ಲೆಯಲ್ಲಿ, ಆ ಹುಡುಗ ಅಡಿಕೆ ಮರಕ್ಕೆ ಕಟ್ಟಿಸಿಕೊಂಡಿದ್ದ. ಸಾಮರ್ಥ್ಯ ಇದೆ, ಅದು ಸಣ್ಣ ದೂರಿನವರೆಗೆ ಇಳಿಯುವುದಿಲ್ಲ ಎಂಬುದು ರೈತನಿಗೆ ಕಾಣುತ್ತದೆ. ಅವನ ಅಸಮಾಧಾನ ನ್ಯಾಯವಾದದ್ದು. ಆದರೆ ಅದು ಹೋಗಿ ಬೀಳುವುದು ದೂರು ತೆಗೆದುಕೊಳ್ಳದ ಠಾಣೆಯ ಮೇಲಲ್ಲ. ಕೈಗೆ ಸಿಕ್ಕ, ತಿರುಗಿ ಹೊಡೆಯಲಾರದ, ಪರವಾಗಿ ಮಾತಾಡಲು ಯಾರೂ ಇಲ್ಲದ ಒಬ್ಬನ ಮೇಲೆ. ಊರ ದೊಡ್ಡವರ ಮಗ ಅದೇ ಅನುಮಾನಕ್ಕೆ ಸಿಕ್ಕಿದ್ದರೆ ಹಗ್ಗ ಹೊರಗೆ ಬರುತ್ತಿತ್ತೇ?

ಗುಂಪಿನ ನ್ಯಾಯ ಕಾನೂನಿನ ಸೋಲನ್ನು ತುಂಬಿಕೊಡುತ್ತದೆ ಎನ್ನುವವರಿಗೆ ನನ್ನ ಮುಖ್ಯ ಆಕ್ಷೇಪ ಇದು. ಠಾಣೆಯಲ್ಲಿ ಯಾರ ಮಾತು ನಡೆಯುತ್ತದೋ ಊರಬಾಗಿಲಲ್ಲೂ ಅವರ ಮಾತೇ ನಡೆಯುತ್ತದೆ. ಠಾಣೆಯಲ್ಲಿ ಕೊನೇಪಕ್ಷ ಒಂದು ದಾಖಲೆ ಉಳಿಯುತ್ತದೆ, ಮೇಲಿನವರನ್ನು ಕೇಳಲು ದಾರಿ ಇರುತ್ತದೆ. ಊರಬಾಗಿಲಲ್ಲಿ ಅದೂ ಇಲ್ಲ.

ಕಾನೂನು ಜನರ ಕೈಯನ್ನು ಪೂರ್ತಿ ಕಟ್ಟಿಹಾಕಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ‘ಹಂಗಾದ್ರೆ ಕಳ್ಳ ಮನಿಗೆ ನುಗ್ಗಿದ್ರೆ ಕೈಕಟ್ಟಿ ಕೂರ್ಬಕಾ’ ಎಂದು ಕೇಳುವವರು ಇದ್ದಾರೆ. ಕೂರಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ತನ್ನ ದೇಹ ಮಾತ್ರವಲ್ಲ, ಇನ್ನೊಬ್ಬರ ದೇಹ, ಆಸ್ತಿಯನ್ನು ಕಾಪಾಡಲಿಕ್ಕೂ ಬಲ ಬಳಸಬಹುದು. ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಸಾಮಾನ್ಯ ಮನುಷ್ಯನೂ ಹಿಡಿದಿಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಹಾಗೆ ಹೇಳುತ್ತದೆ. ಆದರೆ ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು, ಪೊಲೀಸರ ನೆರವು ಪಡೆಯಲು ಸಮಯ ಇದ್ದಾಗ ಆತ್ಮರಕ್ಷಣೆಯ ಹಕ್ಕೇ ಹುಟ್ಟುವುದಿಲ್ಲ ಎಂಬ ಗೆರೆಯನ್ನೂ ನ್ಯಾಯ ಸಂಹಿತೆಯ 37ನೇ ಕಲಂ ಎಳೆದಿದೆ.

ನೀತಿಯ ದೃಷ್ಟಿಯಿಂದಲೂ ಆ ಗೆರೆ ಸರಿಯಾದ ಜಾಗದಲ್ಲೇ ಇದೆ. ನಡೆಯುತ್ತಿರುವ ಅನ್ಯಾಯವನ್ನು ತಡೆಯುವುದು ಎಲ್ಲರ ಹಕ್ಕು, ಎಷ್ಟೋ ಸಲ ಕರ್ತವ್ಯ. ಮುಗಿದುಹೋದ ತಪ್ಪಿಗೆ ಶಿಕ್ಷೆ ಕೊಡುವುದು ಬೇರೆ. ತಡೆಯುವವನಿಗೆ ಎದುರಿನ ಅಪಾಯ ಕಂಡರೆ ಸಾಕು. ಶಿಕ್ಷಿಸುವವನಿಗೆ ಇನ್ನೂ ಬಹಳ ಗೊತ್ತಿರಬೇಕು: ಇವನೇ ಮಾಡಿದನೇ, ಯಾಕೆ ಮಾಡಿದ, ವಯಸ್ಸೆಷ್ಟು, ಎಷ್ಟು ಶಿಕ್ಷೆ ತಕ್ಕದ್ದು. ಮರಕ್ಕೆ ಕಟ್ಟಿದ ಕ್ಷಣಕ್ಕೆ ಹುಡುಗ ಓಡಿಹೋಗುವ ಅಪಾಯ ಮುಗಿದಿತ್ತು. ಅದಾದ ಮೇಲೆ ಬಿದ್ದ ಒಂದೊಂದು ಏಟೂ ಶಿಕ್ಷೆಯೇ.

ಇದೇ ಚನ್ನಗಿರಿಯ ಇನ್ನೊಂದು ಘಟನೆ ಇಷ್ಟು ಸಲೀಸಾಗಿ ಬಿಡಿಸಲಾಗದ್ದು. 2024ರ ಮೇ 24ರಂದು ಮಟ್ಕಾ ವಿಚಾರವಾಗಿ ಪೊಲೀಸರು ಠಾಣೆಗೆ ಕರೆತಂದ ವ್ಯಕ್ತಿ ಸ್ವಲ್ಪ ಹೊತ್ತಿನಲ್ಲೇ ಸತ್ತರು. ರಾತ್ರಿ ಗುಂಪು ಠಾಣೆಗೆ ನುಗ್ಗಿತು, ಕಲ್ಲು ತೂರಿತು, ವಾಹನ ಜಖಂ ಮಾಡಿತು, ಹಲವು ಪೊಲೀಸರು ಗಾಯಗೊಂಡರು. ಇದು ಲಾಕಪ್ ಸಾವಲ್ಲ ಎಂದ ಮುಖ್ಯಮಂತ್ರಿ ಸಿದ್ದರಾಮಯ್ಯ, ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪೆಂದು ಒಪ್ಪಿಕೊಂಡರು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು.

ಇಲ್ಲಿ ಜನರ ಅನುಮಾನಕ್ಕೆ ಆಧಾರ ಇತ್ತು. ಯಾರು ನ್ಯಾಯ ಕೊಡಬೇಕೋ ಅವರೇ ಆರೋಪಿಯ ಜಾಗದಲ್ಲಿ ನಿಂತಿದ್ದರು. ಹಾಗಿದ್ದರೂ ಕಲ್ಲು ಏನು ಮಾಡಿತು ಎಂಬುದನ್ನು ನೋಡಬೇಕು. ಅಲ್ಲಿಯವರೆಗೆ ಇದ್ದದ್ದು ಒಂದೇ ಪ್ರಶ್ನೆ: ಆ ಮನುಷ್ಯ ಹೇಗೆ ಸತ್ತ? ಠಾಣೆಯಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಬಂಧಿಸುವಾಗ ಏನೇನು ಪಾಲಿಸಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇಡೀ ಜಿಲ್ಲೆ ಆ ಪ್ರಶ್ನೆಯ ಹಿಂದೆ ನಿಂತಿದ್ದರೆ ಉತ್ತರ ತಪ್ಪಿಸಿಕೊಳ್ಳುವುದು ಕಷ್ಟವಿತ್ತು. ಕಲ್ಲು ಬಿದ್ದ ಮರುದಿನದಿಂದ ಚರ್ಚೆ ಗಲಭೆಯತ್ತ ತಿರುಗಿತು. ಯಾರು ಎಸೆದರು, ಯಾವ ಧರ್ಮದವರು, ಸಿಸಿಟಿವಿಯಲ್ಲಿ ಯಾರ ಮುಖ ಇದೆ ಎಂಬುದೇ ಸುದ್ದಿಯಾಯಿತು. ಸತ್ತವರ ಮನೆಯವರಿಗೆ ಅಂದು ಬೇಕಿದ್ದ ನೆರವನ್ನು ಅವರ ಪರವಾಗಿ ಬಂದ ಗುಂಪೇ ಕೈಯಾರೆ ಹಾಳುಮಾಡಿತು.

ಇನ್ನು ನಾಗಪುರದ ಪ್ರಕರಣವನ್ನು ಎದುರಿಸದೆ ಈ ವಿಷಯ ಬರೆಯುವುದು ಪ್ರಾಮಾಣಿಕತೆಯಾಗದು. 2004ರ ಆಗಸ್ಟ್ 13ರಂದು ಕಸ್ತೂರ್ಬಾ ನಗರದ ಮಹಿಳೆಯರು ನ್ಯಾಯಾಲಯದ ಒಳಗೇ ಅಕ್ಕು ಯಾದವ್ ಎಂಬವನನ್ನು ಕೊಂದರು. ಕೊಲೆ, ಅತ್ಯಾಚಾರ, ಸುಲಿಗೆ ಮಾಡುತ್ತ ಅವನು ಆ ಬಡಾವಣೆಯನ್ನು ವರ್ಷಗಟ್ಟಲೆ ನಡುಗಿಸಿದ್ದ. ದೂರು ಕೊಟ್ಟವರ ಸುದ್ದಿಯನ್ನು ಪೊಲೀಸರೇ ಅವನಿಗೆ ಮುಟ್ಟಿಸುತ್ತಿದ್ದರೆಂಬುದು ಅಲ್ಲಿನವರ ಆರೋಪ. ಅವನು ಜಾಮೀನಿನ ಮೇಲೆ ಮತ್ತೆ ಬರುತ್ತಾನೆಂಬ ಭಯದಲ್ಲಿ ಆ ದಿನ ಹೆಂಗಸರು ಖಾರದ ಪುಡಿ, ಚಾಕು ಹಿಡಿದು ಹೋದರು. ಆರೋಪಿಗಳೆಲ್ಲ ಸಾಕ್ಷ್ಯದ ಕೊರತೆಯಿಂದ 2014ರಲ್ಲಿ ಬಿಡುಗಡೆಯಾದರು.

ಆ ಹೆಂಗಸರನ್ನು ಕೊಲೆಗಾರರೆಂದು ಕರೆಯಲು ನನ್ನಿಂದಾಗುವುದಿಲ್ಲ. ಅವರಿಗೆ ತಮ್ಮನ್ನು ಹಿಂಸಿಸಿದವನು ಯಾರೆಂದು ಮೈಮೇಲಿನ ಗಾಯದಿಂದಲೇ ಗೊತ್ತಿತ್ತು, ವಾಟ್ಸ್‌ಆ್ಯಪ್ ಸಂದೇಶದಿಂದಲ್ಲ. ಅವರು ಬಾಗಿಲು ತಟ್ಟಿದ್ದರು, ಬಾಗಿಲಲ್ಲೇ ಮೋಸಹೋಗಿದ್ದರು. ಅಪಾಯ ಹಿಂದಿನದಾಗಿರಲಿಲ್ಲ, ಮರುದಿನ ಮನೆ ಮುಂದೆ ಬಂದು ನಿಲ್ಲುವಂಥದ್ದಾಗಿತ್ತು. ತಡೆಯುವುದು ಎಲ್ಲಿ ಮುಗಿಯಿತು, ಶಿಕ್ಷಿಸುವುದು ಎಲ್ಲಿ ಶುರುವಾಯಿತು ಎಂದು ಅಲ್ಲಿ ಗೆರೆ ಎಳೆಯುವುದು ಸುಲಭವಲ್ಲ. ಅದನ್ನು ಒಪ್ಪುತ್ತಲೇ ಎರಡು ಮಾತು ಹೇಳುತ್ತೇನೆ. ಮೊದಲನೆಯದು, ನಮ್ಮ ಸುತ್ತಲಿನ ಧರ್ಮದೇಟಿನ ಯಾವ ಪ್ರಕರಣದಲ್ಲೂ ಇಷ್ಟೆಲ್ಲ ಒಟ್ಟಿಗೆ ಇರಲಿಲ್ಲ. ಅಪರೂಪದ ಒಂದನ್ನು ತೋರಿಸಿ ದಿನನಿತ್ಯದ ನೂರನ್ನು ಸಮರ್ಥಿಸುವುದು ಆ ಹೆಂಗಸರಿಗೇ ಮಾಡುವ ಅವಮಾನ. ಎರಡನೆಯದು, ಅವನೊಂದಿಗೆ ಅವನ ಮೇಲಿನ ವಿಚಾರಣೆಗಳೂ ಸತ್ತವು. ಅವನಿಗೆ ಯಾರು ಬೆನ್ನಾಗಿ ನಿಂತಿದ್ದರು ಎಂದು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಅವಕಾಶ ಮತ್ತೆ ಬರಲಿಲ್ಲ.

ಸಮವಸ್ತ್ರ ತೊಟ್ಟವರು ಇದೇ ಕೆಲಸ ಮಾಡಿದಾಗ ನಾವು ಇನ್ನೂ ಬೇಗ ಚಪ್ಪಾಳೆ ಹೊಡೆಯುತ್ತೇವೆ. 2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದ್ ಬಳಿ ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸ್ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂ ಎರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರ ಮೇನಲ್ಲಿ ಹೊರಬಂತು. ಆರೋಪಿಗಳು ಪಿಸ್ತೂಲು ಕಸಿದು ಓಡಿದರೆಂಬ ಕತೆ ನಂಬತಕ್ಕದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಪೊಲೀಸರ ಮೇಲೆ ಕೊಲೆ ಆರೋಪದ ವಿಚಾರಣೆ ನಡೆಯಬೇಕು ಎಂದಿತು ವರದಿ. ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂಬುದನ್ನೂ ಹೇಳಿತು. ಹೂ ಎರಚಿದವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗಲು ವಿಚಾರಣೆಯೇ ಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವನ್ನು ಕೊಂದ ಆರೋಪಿ ಅದೇ ದಿನ ಪೊಲೀಸ್ ಗುಂಡಿಗೆ ಸತ್ತಾಗಲೂ ಊರೂರಲ್ಲಿ ಸಮಾಧಾನದ ಉಸಿರು ಕೇಳಿಬಂತು. ಆ ತಾಯಿಯ ಸಂಕಟದ ಮುಂದೆ ಯಾವ ತರ್ಕವೂ ಸಣ್ಣದು, ನಿಜ. ಆದರೆ ಎಫ್‌ಐಆರ್ ಇಲ್ಲದೆ ಜನರನ್ನು ಠಾಣೆಗೆ ಎಳೆತರುವ ವ್ಯವಸ್ಥೆಯ ಕೈಗೇ ತೀರ್ಪನ್ನೂ ಕೊಟ್ಟುಬಿಡೋಣ ಎನ್ನುವ ಮೊದಲು ಚನ್ನಗಿರಿಯ ಆ ರಾತ್ರಿಯನ್ನು ನೆನೆಯಬೇಕಲ್ಲವೇ?

ಚಿತ್ರದುರ್ಗದಲ್ಲೇ ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಇದೆ. ಮುರುಘಾ ಮಠದ ಶಿವಮೂರ್ತಿ ಶರಣರ ಮೇಲೆ 2022ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ದೂರು ದಾಖಲಾಯಿತು. ಸೆಪ್ಟೆಂಬರ್ 1ರಂದು ಬಂಧನ, ನಂತರ ಜಾಮೀನು, ಸುಪ್ರೀಂ ಕೋರ್ಟಿನ ಸೂಚನೆಯಂತೆ ಮತ್ತೆ ಜೈಲು, ಸಾಕ್ಷಿಗಳ ವಿಚಾರಣೆ. ಕೊನೆಗೆ 2025ರ ನವೆಂಬರ್‌ನಲ್ಲಿ ಮೊದಲ ಪ್ರಕರಣದಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆ ಮೂರು ವರ್ಷ ಊರು ಎರಡು ಭಾಗವಾಗಿತ್ತು. ತೀರ್ಪು ಕೆಲವರಿಗೆ ನೆಮ್ಮದಿ, ಕೆಲವರಿಗೆ ಕಹಿ. ಆದರೆ ಕಾರಣಗಳನ್ನು ಬರೆದಿಟ್ಟ ತೀರ್ಪು ಅದು, ಮೇಲಿನ ಕೋರ್ಟಿನಲ್ಲಿ ಸಾಲು ಸಾಲಾಗಿ ಪ್ರಶ್ನಿಸಬಹುದಾದದ್ದು.

ಹಾಗಾದರೆ ಕಾನೂನು ನಿಜವಾಗಿ ಕೈಬಿಟ್ಟವರು ಯಾರು? 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಅಪರಾಧಿ ಮಾತ್ರ ಯಾರೂ ಇಲ್ಲ. ಕಾನೂನು ಕೈಗೆತ್ತಿಕೊಳ್ಳಲು ಕಾರಣ ಬೇಕೆಂದರೆ ಇದಕ್ಕಿಂತ ದೊಡ್ಡ ಕಾರಣ ಈ ರಾಜ್ಯದಲ್ಲಿ ಯಾರಿಗಿತ್ತು? ಆ ಕುಟುಂಬಗಳು ಯಾರ ಮನೆಗೂ ಬೆಂಕಿ ಇಡಲಿಲ್ಲ. ಇಟ್ಟಿದ್ದರೆ ಉಳಿದವರ ಗತಿ ಏನಾಗುತ್ತಿತ್ತು ಎಂದು ಅವರಿಗೆ ಗೊತ್ತಿತ್ತು. ಸ್ವಯಂ ನ್ಯಾಯಕ್ಕೆ ಸಂಖ್ಯೆ ಬೇಕು, ತೋಳು ಬೇಕು, ಆಮೇಲೆ ಬಿಡಿಸಿಕೊಂಡು ಬರುವವರು ಬೇಕು. ಅವೆಲ್ಲ ಇರುವವರು ಬೇರೆಯವರು.

ಇದಕ್ಕೆದುರಾಗಿ ಕೊಪ್ಪಳ ಜಿಲ್ಲೆಯ ಮರಕುಂಬಿ ಇದೆ. 2014ರ ಆಗಸ್ಟ್‌ನಲ್ಲಿ ಅಲ್ಲಿನ ದಲಿತ ಕೇರಿಯ ಮೇಲೆ ದಾಳಿಯಾಯಿತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಪ್ರಕರಣ ಈಗ ಹೈಕೋರ್ಟಿನ ಮೆಟ್ಟಿಲೇರಿದೆ. ಹತ್ತು ವರ್ಷ ಬಹಳ ದೀರ್ಘ. ಆದರೂ ನೂರು ಜನರ ಗುಂಪಿನ ಎದುರು ಕೈಯಲ್ಲಿ ಏನೂ ಇಲ್ಲದ ಕೇರಿಯವರು ನಿಲ್ಲಬಹುದಾದ ಜಾಗ ಅದೊಂದೇ ಆಗಿತ್ತು.

ಆದ್ದರಿಂದ ‘ಕಾನೂನನ್ನು ಗೌರವಿಸಿ’ ಎಂದು ಜನರಿಗೆ ಉಪದೇಶ ಮಾಡಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಯ ನೋಡಲ್ ಅಧಿಕಾರಿ ಬೇಕು, ವಿಚಾರಣೆ ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಯಬೇಕು ಎಂದು ಸುಪ್ರೀಂ ಕೋರ್ಟ್ 2018ರ ಜುಲೈ 17ರಂದೇ ಹೇಳಿತು. ಅದಕ್ಕೆ ನಾಲ್ಕು ದಿನ ಮೊದಲು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾಗಿದ್ದ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಲಿಂಗ, ಹುಟ್ಟಿದ ಊರಿನಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ ಎಂದು ನ್ಯಾಯ ಸಂಹಿತೆಯ 103(2) ಹೇಳುತ್ತದೆ. ಕಳ್ಳತನದ ಅನುಮಾನ ಆ ಪಟ್ಟಿಯಲ್ಲಿ ಇಲ್ಲ ಎಂಬುದು ಈ ಕಲಮಿನ ದೊಡ್ಡ ಕೊರತೆ. ಹಳ್ಳಿಗಳಲ್ಲಿ ಹೆಚ್ಚಾಗಿ ಹೊಡೆತ ಬೀಳುವುದು ಆ ಅನುಮಾನಕ್ಕೇ.

ಆದರೆ ಗುಂಪಿಗೆ ಕೊಡುವ ಶಿಕ್ಷೆಗಿಂತ ನನಗೆ ಮುಖ್ಯವೆನಿಸುವುದು ಠಾಣೆಯ ಮೊದಲ ಮೇಜು. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ಪ್ರತಿ ಉಚಿತವಾಗಿ ಸಿಗಬೇಕು. ಠಾಣೆ ನಿರಾಕರಿಸಿದರೆ ಅಂಚೆಯಲ್ಲಿ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ. ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಂಬಾಲಪಲ್ಲಿಯವರಿಗೆ ಅಂದು ಅದು ಸಿಕ್ಕಿದ್ದರೆ ಎಂದು ಎಷ್ಟು ಸಲ ಅಂದುಕೊಂಡರೂ ಸಾಲದು. ನ್ಯಾಯಾಧೀಶರ ಕೊರತೆಯಂತೂ ಹಳೆಯ ರೋಗ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲಿ ಹೇಳಿತ್ತು, ಇಂದಿಗೂ ಮಂಜೂರಾದ ಹುದ್ದೆಗಳೇ ಸುಮಾರು 21. ದೇಶದಲ್ಲಿ ಬಾಕಿ ಇರುವ ಪ್ರಕರಣ ಐದು ಕೋಟಿ ದಾಟಿದೆ.

ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸುವುದು ದಾವಣಗೆರೆಯಲ್ಲಿ ಕೂತು ಆಗುವ ಕೆಲಸವಲ್ಲ. ಆದರೆ ಚನ್ನಗಿರಿ, ನ್ಯಾಮತಿ, ಹೊಳಲ್ಕೆರೆ, ಚಳ್ಳಕೆರೆಯ ಒಂದೊಂದು ಠಾಣೆಗೂ ಕಳೆದ ತಿಂಗಳು ಕಳ್ಳತನದ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಎಫ್‌ಐಆರ್ ಆಯಿತು, ಎಷ್ಟಕ್ಕೆ ಹಿಂಬರಹ ಕೊಟ್ಟರು, 90 ದಿನದ ಮಾಹಿತಿ ಎಷ್ಟು ಜನರಿಗೆ ತಲುಪಿತು ಎಂದು ಇಲ್ಲಿಂದಲೇ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ರೈತ ಸಂಘಗಳು, ಮಹಿಳಾ ಸಂಘಗಳು, ವಕೀಲರ ಸಂಘಗಳು ಈ ಲೆಕ್ಕ ಕೇಳಲಿ. ಠಾಣೆಯ ಗೋಡೆಯ ಮೇಲೆ ಅದನ್ನು ತಿಂಗಳು ತಿಂಗಳು ಬರೆದು ಹಾಕುವಂತೆ ಎಸ್‌ಪಿಯವರನ್ನು ಒತ್ತಾಯಿಸಲಿ. ಕೇಬಲ್ ಕಳೆದುಕೊಂಡ ರೈತನ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ ಎಂಬುದು ಅಲ್ಲಿ ಎಲ್ಲರಿಗೂ ಕಾಣಲಿ.